ಎಂಟು ದಿನ ಎಲ್ಲರಿಗೂ ಎಂಟೇ ದಿನವಲ್ಲ

ಭಾದ್ರಪದ ಹತ್ತಿರವಾದಂತೆ ಮುಂಬಯಿಯ ಉಪನಗರಗಳ ಗಲ್ಲಿಗಳಲ್ಲಿ ಫ್ಲೆಕ್ಸುಗಳು ಮೇಲೇಳುತ್ತವೆ. ಘಾಟ್‌ಕೋಪರ್, ಮುಲುಂಡ್, ಮಲಾಡ್, ಬೊರಿವಲಿ, ಭಾಯಂದರ್, ಎಲ್ಲಿಗೆ ಹೋದರೂ ಕೈಮುಗಿದ ತಪಸ್ವಿಯೊಬ್ಬರ ಭಾವಚಿತ್ರ, ಅದರಡಿಯಲ್ಲಿ ಒಂದು ಸಂಖ್ಯೆ. ಎಂಟು ಉಪವಾಸ, ಹದಿನಾರು ಉಪವಾಸ, ಮೂವತ್ತು ಉಪವಾಸ. ಚುನಾವಣೆಯ ವರ್ಷವಾದರೆ ಶಾಸಕರ ಭಾವಚಿತ್ರವು ತಪಸ್ವಿಯದಕ್ಕಿಂತ ತುಸು ದೊಡ್ಡದಾಗಿರುತ್ತದೆ. ಶ್ವೇತಾಂಬರ ಬಂಧುಗಳ ಅಠ್ಠಾಯಿ, ಮಾಸಕ್ಷಮಣಗಳು ನಮ್ಮ ತುಳುನಾಡಿನ ಮತ್ತು ಬೆಳಗಾವಿ ಕಡೆಯ ದಿಗಂಬರ ಮನೆಗಳಲ್ಲಿ ಹಿಂದೆ ಅಷ್ಟಾಗಿ ಕೇಳಿಬರುತ್ತಿದ್ದ ಮಾತುಗಳಲ್ಲ. ಅಷ್ಟಮಿ ಚತುರ್ದಶಿಗಳ ಏಕಭುಕ್ತ, ನೋಂಪಿ ಹಿಡಿದವರ ಉಪವಾಸ, ಅನಂತ ಚತುರ್ದಶಿಯ ನಿರಾಹಾರ, ಇವು ನಮ್ಮ ಅಜ್ಜಿಯರ ತಪಸ್ಸು. ಆ ನೋಂಪಿಗೆ ಸಾಕ್ಷಿಯಾಗಿ ಬಸದಿಯ ಇಂದ್ರರೊಬ್ಬರಿದ್ದರೆ ಸಾಕಾಗಿತ್ತು. ಈಗ ನಾವೂ ಎಣಿಸಲು ಕಲಿತಿದ್ದೇವೆ. ದಶಲಕ್ಷಣದ ಹತ್ತೂ ದಿನ ನೀರಲ್ಲೇ ಕಳೆದವರ ಪಟ್ಟಿಯನ್ನು ಸಮಾರೋಪದ ದಿನ ಧ್ವನಿವರ್ಧಕದಲ್ಲಿ ಓದುತ್ತೇವೆ, ಶಾಲು ಹೊದಿಸುತ್ತೇವೆ, ವಾಟ್ಸಾಪ್ ಗುಂಪಿನಲ್ಲಿ ಅನುಮೋದನೆಯ ಮಳೆ ಸುರಿಸುತ್ತೇವೆ.

ಸಂಖ್ಯೆಗಳೊಡನೆ ಬದುಕುವ ವೃತ್ತಿಯವನಾದ ನನಗೆ ಸಂಖ್ಯೆಯ ಮೇಲೆ ಸಿಟ್ಟಿಲ್ಲ. ಆದರೆ ಒಂದು ಸಂಖ್ಯೆಯನ್ನು ಕೊಟ್ಟಾಗ ಅದು ಯಾವುದರ ಅಳತೆ ಎಂದು ಕೇಳುವುದು ನಮ್ಮ ವೃತ್ತಿಯ ಮೊದಲ ಪಾಠ. ನಲವತ್ತೆರಡು ಕಿಲೋ ತೂಗುವ ಕಾಲೇಜು ಹುಡುಗಿಯ ಎಂಟು ಉಪವಾಸವನ್ನೂ ತೊಂಬತ್ತು ಕಿಲೋ ತೂಗುವ ವ್ಯಾಪಾರಿಯ ಎಂಟು ಉಪವಾಸವನ್ನೂ ಒಂದೇ ಪಟ್ಟಿಯ ಒಂದೇ ಕಾಲಮಿನಲ್ಲಿ ಬರೆಯುತ್ತಿದ್ದೇವೆ. ಅವರಿಬ್ಬರ ದೇಹಗಳೊಳಗೆ, ಮುಖ್ಯವಾಗಿ ಮಿದುಳು ಮತ್ತು ನರಮಂಡಲದಲ್ಲಿ, ಆ ಎಂಟು ದಿನಗಳಲ್ಲಿ ನಡೆಯುವುದು ಒಂದೇ ಘಟನೆಯಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಮಾಡುವ ಅನುಮೋದನೆಯು ಕೆಲವರ ಪಾಲಿಗೆ ಅಪಾಯವಾಗುತ್ತಿದೆ ಎಂಬುದೇ ಈ ಲೇಖನದ ಮಾತು.

ಮೊದಲು ಲೆಕ್ಕವನ್ನೇ ನೋಡೋಣ. ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ತೊಂಬತ್ತು ಕಿಲೋ ವ್ಯಾಪಾರಿಯ ದೇಹದಲ್ಲಿ ಶೇಕಡ 30 ಕೊಬ್ಬಿದೆ ಎಂದರೆ 27 ಕಿಲೋ, ಅಂದರೆ ಎರಡು ಲಕ್ಷಕ್ಕೂ ಮೀರಿದ ಕಿಲೋಕ್ಯಾಲರಿಯ ಮೀಸಲು ನಿಧಿ. ನಲವತ್ತೆರಡು ಕಿಲೋ ಹುಡುಗಿಯಲ್ಲಿ ಶೇಕಡ 20 ಎಂದರೂ ಎಂಟು ಕಿಲೋ ಚಿಲ್ಲರೆ, ಸುಮಾರು 65 ಸಾವಿರ. ಇದು ಯಾರಿಗೂ ಹೊಳೆಯುವ ವ್ಯತ್ಯಾಸ. ಹೊಳೆಯದಿರುವುದು ಖರ್ಚಿನ ಕಡೆಯ ಲೆಕ್ಕ. ಮನುಷ್ಯನ ಮಿದುಳಿನ ಗಾತ್ರವು ಮೈತೂಕವನ್ನು ಅನುಸರಿಸಿ ಏರಿಳಿಯುವುದಿಲ್ಲ. ಆ ಹುಡುಗಿಯ ಮಿದುಳು ವ್ಯಾಪಾರಿಯ ಮಿದುಳಿಗಿಂತ ಅರ್ಧದಷ್ಟು ಚಿಕ್ಕದೇನಲ್ಲ, ಹೆಚ್ಚುಕಡಿಮೆ ಅದೇ ಅಳತೆಯದು. ವಯಸ್ಕರ ಮಿದುಳು ದಿನಕ್ಕೆ ನೂರು ಗ್ರಾಮಿಗೂ ಮೇಲ್ಪಟ್ಟು ಗ್ಲೂಕೋಸನ್ನು ಕೇಳುತ್ತದೆ. ಪಿತ್ತಜನಕಾಂಗದಲ್ಲಿ ಸಿದ್ಧವಾಗಿರುವ ಗ್ಲೈಕೋಜನ್ನಿನ ದಾಸ್ತಾನು ಸುಮಾರು ಒಂದು ದಿನಕ್ಕಷ್ಟೇ ಸಾಕು. ಅದು ಬರಿದಾದ ಮೇಲೆ ಚಿಕ್ಕ ದೇಹವು ದೊಡ್ಡ ದೇಹದಷ್ಟೇ ಬಾಡಿಗೆಯನ್ನು ಮಿದುಳಿಗೆ ಕಟ್ಟಬೇಕು, ಅದಕ್ಕಿಂತ ಎಷ್ಟೋ ಕಡಿಮೆ ಆಸ್ತಿಯಿಂದ.

ಮಕ್ಕಳಲ್ಲಿ ಈ ಅಸಮತೋಲ ಇನ್ನೂ ತೀವ್ರ. ಐದು ವರ್ಷದ ಆಸುಪಾಸಿನಲ್ಲಿ ಮಗುವಿನ ದೇಹವು ದಿನವಿಡೀ ವ್ಯಯಿಸುವ ಶಕ್ತಿಯಲ್ಲಿ ಶೇಕಡ 40ಕ್ಕೂ ಹೆಚ್ಚು ಪಾಲು ಮಿದುಳಿಗೇ ಹೋಗುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ಪುಟ್ಟ ಮಗುವಿನಿಂದ ಉಪವಾಸ ಮಾಡಿಸಿ ವಿಡಿಯೋ ಹಂಚುವ ತಾಯ್ತಂದೆಯರು ಈ ಒಂದು ವಾಕ್ಯವನ್ನು ಎರಡು ಬಾರಿ ಓದಲಿ.

ಗ್ಲೈಕೋಜನ್ ಮುಗಿದ ಮೇಲಿನ ಕಥೆಯನ್ನು ಹಾರ್ವರ್ಡಿನ ಜಾರ್ಜ್ ಕಾಹಿಲ್ ಮತ್ತು ಆಲಿವರ್ ಓವೆನ್ 1967ರಲ್ಲಿ ಬಿಡಿಸಿಟ್ಟರು. ಐದಾರು ವಾರ ಉಪವಾಸದಲ್ಲಿದ್ದ ಸ್ಥೂಲಕಾಯರ ಮಿದುಳು ತನ್ನ ಇಂಧನದ ಬಹುಪಾಲನ್ನು, ಸುಮಾರು ಮೂರರಲ್ಲಿ ಎರಡು ಪಾಲನ್ನು, ಕೊಬ್ಬು ಕರಗಿ ಬಂದ ಕೀಟೋನುಗಳಿಂದ ಪಡೆಯುತ್ತಿತ್ತು. ಮಿದುಳಿಗೆ ಕೊಬ್ಬನ್ನು ನೇರವಾಗಿ ಉಣಿಸಲಾಗದು, ಆದರೆ ಕೀಟೋನ್ ಎಂಬ ನಾಣ್ಯಕ್ಕೆ ಬದಲಾಯಿಸಿಕೊಟ್ಟರೆ ಮಿದುಳು ಒಪ್ಪುತ್ತದೆ. ಈ ವಿನಿಮಯ ಇಲ್ಲದಿದ್ದರೆ ಮನುಷ್ಯ ಕುಲಕ್ಕೆ ದೀರ್ಘ ಉಪವಾಸವೇ ಸಾಧ್ಯವಿರುತ್ತಿರಲಿಲ್ಲ. ಪ್ರವಚನಗಳಲ್ಲಿ ಈ ಸಂಶೋಧನೆಯನ್ನು ಹೆಮ್ಮೆಯಿಂದ ಉದ್ಧರಿಸುವುದುಂಟು. ಅದರಲ್ಲಿ ಭಾಗವಹಿಸಿದವರು ಸ್ಥೂಲಕಾಯರು, ಅವರು ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು, ಅವರ ರಕ್ತವನ್ನು ಪರೀಕ್ಷಿಸಲಾಗುತ್ತಿತ್ತು ಎಂಬುದನ್ನು ಮಾತ್ರ ಉದ್ಧರಿಸುವುದಿಲ್ಲ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ 1965–66ರಲ್ಲಿ 382 ದಿನ ಅನ್ನ ಮುಟ್ಟದೆ ಬದುಕಿದ ಕಥೆಯೂ ಹೀಗೆಯೇ. ಆತ ಆರಂಭದಲ್ಲಿ 456 ಪೌಂಡ್, ಅಂದರೆ ಇನ್ನೂರು ಕಿಲೋಗೂ ಹೆಚ್ಚು ತೂಗುತ್ತಿದ್ದ. ಡಂಡೀ ನಗರದ ವೈದ್ಯರು ಅವನಿಗೆ ಜೀವಸತ್ವಗಳನ್ನೂ ಪೊಟ್ಯಾಸಿಯಂ ಮುಂತಾದ ಲವಣಗಳನ್ನೂ ಕೊಡುತ್ತಿದ್ದರು. ಆ ದಾಖಲೆಯನ್ನು ತೋರಿಸಿ ನಲವತ್ತೆರಡು ಕಿಲೋ ಹುಡುಗಿಗೆ ಧೈರ್ಯ ತುಂಬುವುದು ರಿಲಯನ್ಸಿನ ಬ್ಯಾಲೆನ್ಸ್ ಶೀಟು ತೋರಿಸಿ ಕಿರಾಣಿ ಅಂಗಡಿಗೆ ಸಾಲ ಕೊಟ್ಟಂತೆ.

ತೆಳು ದೇಹಕ್ಕೆ ಇನ್ನೊಂದು ತೊಂದರೆಯಿದೆ. ಉಪವಾಸದಲ್ಲಿ ಕರಗುವ ಪ್ರತಿ ಕಿಲೋದಲ್ಲಿ ಸ್ಥೂಲಕಾಯರು ಹೆಚ್ಚು ಕೊಬ್ಬನ್ನೂ ಕಡಿಮೆ ಪ್ರೋಟೀನನ್ನೂ ಕಳೆದುಕೊಳ್ಳುತ್ತಾರೆ; ಕೃಶಕಾಯರಲ್ಲಿ ಪ್ರೋಟೀನಿನ ಪಾಲು ಏರುತ್ತದೆ. ದೇಹದಲ್ಲಿ ಪ್ರೋಟೀನಿಗೆ ಪ್ರತ್ಯೇಕ ಉಗ್ರಾಣವಿಲ್ಲ. ಅದು ತೋಳಿನ ಸ್ನಾಯು, ಉಸಿರಾಟದ ಸ್ನಾಯು, ಹೃದಯದ ಸ್ನಾಯು. ಕೊಬ್ಬನ್ನು ಖರ್ಚುಮಾಡುವುದು ಠೇವಣಿ ಮುರಿದಂತಾದರೆ ಪ್ರೋಟೀನನ್ನು ಖರ್ಚುಮಾಡುವುದು ಅಂಗಡಿಯ ಗೋಡೆಯ ಇಟ್ಟಿಗೆ ಕಿತ್ತು ಮಾರಿದಂತೆ.

ಇನ್ನು ನರಮಂಡಲದ ಮಾತು. ನಮ್ಮ ಇಚ್ಛೆಯನ್ನು ಕೇಳದೆ ಹೃದಯ, ರಕ್ತದೊತ್ತಡ, ಜೀರ್ಣಾಂಗಗಳನ್ನು ನಡೆಸುವ ಸ್ವಾಯತ್ತ ನರಮಂಡಲಕ್ಕೆ ಎರಡು ಶಾಖೆಗಳಿವೆ. ಸಿಂಪಥೆಟಿಕ್ ಎಂಬುದು ಎಚ್ಚರದ ಶಾಖೆ: ಹೃದಯವನ್ನು ಓಡಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ, ಕೊಬ್ಬು ಕರಗಿಸಲು ಆಜ್ಞೆ ಕೊಡುತ್ತದೆ. ಪ್ಯಾರಾಸಿಂಪಥೆಟಿಕ್ ಎಂಬುದು ವಿಶ್ರಾಂತಿಯ ಶಾಖೆ. ಊಟ ನಿಂತಾಗ ಇವೆರಡರ ನಡುವಣ ತೂಕ ಬದಲಾಗುತ್ತದೆ, ಮತ್ತು ಆ ಬದಲಾವಣೆ ಎಲ್ಲರಲ್ಲಿಯೂ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ.

ವಿಯೆನ್ನಾದ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೊಂದು ಮಂದಿ ಆರೋಗ್ಯವಂತ ತೆಳುಕಾಯರು 84 ಗಂಟೆ ಉಪವಾಸ ಮಾಡಿದರು. ಅವರ ರಕ್ತದಲ್ಲಿ ನಾರ್‌ಅಡ್ರಿನಲಿನ್ ಏರಿತು, ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿವ್ಯಯ ಮೊದಲ ದಿನಗಳಲ್ಲಿ ಏರಿತು. ಎರಡನೆಯ ಮೂರನೆಯ ದಿನ ಮನಸ್ಸು ಹಗುರವಾಯಿತು, ಮೈ ಚುರುಕಾಯಿತು ಎಂದು ಅನೇಕ ತಪಸ್ವಿಗಳು ಹೇಳುವುದು ಸುಳ್ಳಲ್ಲ. ಹಸಿದ ಪ್ರಾಣಿಯನ್ನು ಆಹಾರ ಹುಡುಕಲು ಎಬ್ಬಿಸುವ ಹಳೆಯ ಏರ್ಪಾಡಿದು. ಅದನ್ನು ಆತ್ಮದ ಪ್ರಕಾಶವೆಂದು ಕರೆಯುವವರೊಡನೆ ನನಗೆ ಜಗಳವಿಲ್ಲ, ಆದರೆ ಅದನ್ನು ದೇಹ ಸುರಕ್ಷಿತವಾಗಿದೆ ಎಂಬ ಪ್ರಮಾಣಪತ್ರವೆಂದು ಓದುವುದು ತಪ್ಪು. ಉಪವಾಸ ಮುಂದುವರಿದರೆ ಎಚ್ಚರದ ಶಾಖೆ ಕ್ರಮೇಣ ಸೊರಗುತ್ತದೆ. ಯಂಗ್ ಮತ್ತು ಲ್ಯಾಂಡ್ಸ್‌ಬರ್ಗ್ ಇಲಿಗಳಲ್ಲಿ ಇದನ್ನು 1977ರಲ್ಲೇ ತೋರಿಸಿದ್ದರು. ಮಿನೆಸೋಟದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ 36 ಮಂದಿ ಯುವಕರನ್ನು ಇಪ್ಪತ್ತನಾಲ್ಕು ವಾರ ಅರೆಹೊಟ್ಟೆಯಲ್ಲಿಟ್ಟಾಗ ಅವರ ನಾಡಿ ಬಡಿತ ಬಹಳವಾಗಿ ಇಳಿಯಿತು, ಮೈ ತಣ್ಣಗಾಯಿತು, ಮನಸ್ಸು ಊಟದ ಸುತ್ತಲೇ ಸುತ್ತತೊಡಗಿತು, ಖಿನ್ನತೆ ಕವಿಯಿತು. ಅವರೆಲ್ಲರೂ ಆರೋಗ್ಯವಂತ ತರುಣರಾಗಿದ್ದರು.

ತೂಕದ ಪ್ರಶ್ನೆಯನ್ನು ನೇರವಾಗಿ ಮುಟ್ಟುವ ಎರಡು ಚಿಕ್ಕ ಅಧ್ಯಯನಗಳು ಲಿಥುವೇನಿಯಾದಿಂದ ಬಂದಿವೆ. 2016ರಲ್ಲಿ ಪ್ರಕಟವಾದುದರಲ್ಲಿ ಭಾರ ಎತ್ತುವ ಹವ್ಯಾಸದ ಯುವಕರು 48 ಗಂಟೆ ಉಪವಾಸವಿದ್ದರು. ಅವರಲ್ಲಿ ವಿಶ್ರಾಂತಿಯ ಶಾಖೆಯ ಚಟುವಟಿಕೆ ಹೆಚ್ಚಿತು. 2018ರ ಅಧ್ಯಯನದಲ್ಲಿ ತೂಕ ಹೆಚ್ಚಿದ್ದ ಮಹಿಳೆಯರು ಎರಡು ದಿನ ಉಪವಾಸವಿದ್ದರು. ಅವರ ದೇಹ ಒತ್ತಡದ ಲಕ್ಷಣಗಳನ್ನು ತೋರಿತು, ಆದರೂ ಮನಸ್ಥಿತಿ, ಬುದ್ಧಿಯ ಚುರುಕುಗಳಲ್ಲಿ ಕುಂದು ಕಾಣಲಿಲ್ಲ. ಇಷ್ಟರಿಂದಲೇ ತೂಕ ಹೆಚ್ಚಿದ್ದರೆ ಒತ್ತಡ, ಮೈಕಟ್ಟು ಗಟ್ಟಿಯಿದ್ದರೆ ಶಾಂತಿ ಎಂದು ಸೂತ್ರ ಕಟ್ಟುವ ಹಾಗಿಲ್ಲ. ಒಂದು ಗುಂಪು ಗಂಡಸರದು, ಇನ್ನೊಂದು ಹೆಂಗಸರದು. ಜರ್ಮನಿಯಲ್ಲಿ ಆರೋಗ್ಯವಂತ ಯುವತಿಯರ ಮೇಲೆ ನಡೆದ 48 ಗಂಟೆಗಳ ಅಧ್ಯಯನದಲ್ಲಿಯೂ ವಿಶ್ರಾಂತಿಯ ಶಾಖೆ ಹಿಂದೆ ಸರಿದು ಎಚ್ಚರದ ಶಾಖೆ ಮುಂದೆ ಬಂದಿತ್ತು. ಹಾಗಾದರೆ ಇಲ್ಲಿ ತೂಕದ ಜೊತೆ ಲಿಂಗವೂ ಸೇರಿಕೊಂಡಿದೆ. ಎಪ್ಪತ್ತೆರಡು ಗಂಟೆ ಉಪವಾಸದಲ್ಲಿ ಹೆಂಗಸರ ರಕ್ತದ ಸಕ್ಕರೆ ಗಂಡಸರದಕ್ಕಿಂತ ಹೆಚ್ಚು ಇಳಿಯುತ್ತದೆಂಬುದು 1974ರಿಂದಲೇ ವೈದ್ಯಲೋಕಕ್ಕೆ ಗೊತ್ತು. ನಮ್ಮ ಸಮಾಜದಲ್ಲಿ ದೀರ್ಘ ಉಪವಾಸ ಮಾಡುವವರಲ್ಲಿ ಹೆಚ್ಚಿನವರು ಯಾರು? ಪಟ್ಟಿ ತೆಗೆದು ನೋಡಿ. ಶ್ರಾವಿಕೆಯರ ಹೆಸರುಗಳೇ ಮುಂದಿರುತ್ತವೆ.

ಕೃಶಕಾಯರಿಗೆ ಅಪಾಯ, ದಪ್ಪಗಿರುವವರು ನಿಶ್ಚಿಂತೆಯಿಂದಿರಬಹುದು ಎಂದು ಯಾರಾದರೂ ಈ ಹೊತ್ತಿಗೆ ತೀರ್ಮಾನಿಸಿದ್ದರೆ ಅವರನ್ನು ತಡೆಯಬೇಕು. ನಮ್ಮ ವೃತ್ತಿಯಲ್ಲಿ ಪದೇ ಪದೇ ಕಾಣುವ ಸಂಗತಿ ಇದು: ಮೀಸಲು ನಿಧಿ ಕೋಟಿಗಟ್ಟಲೆ ಇದ್ದ ಕಂಪೆನಿಯು ಕೈಯಲ್ಲಿ ನಗದಿಲ್ಲದೆ ಒಂದು ಶುಕ್ರವಾರ ನಿಂತುಹೋಗುತ್ತದೆ. ದೇಹದ ನಗದು ಎಂದರೆ ಪೊಟ್ಯಾಸಿಯಂ, ಮೆಗ್ನೀಸಿಯಂ, ರಂಜಕ, ಸೋಡಿಯಂ, ನೀರು. ನರದ ಸಂಕೇತವೂ ಹೃದಯದ ಮಿಡಿತವೂ ಈ ಲವಣಗಳ ಏರಿಳಿತದ ಮೇಲೆಯೇ ನಡೆಯುತ್ತವೆ. ಕೊಬ್ಬು ಎಷ್ಟಿದ್ದರೂ ಅದರಲ್ಲಿ ಇವು ಇರುವುದಿಲ್ಲ. ಅಮೆರಿಕದಲ್ಲಿ 1977ರ ಆಸುಪಾಸಿನಲ್ಲಿ ದ್ರವರೂಪದ ಪ್ರೋಟೀನನ್ನಷ್ಟೇ ಸೇವಿಸಿ ತೂಕ ಇಳಿಸಲು ಹೊರಟವರಲ್ಲಿ ಸುಮಾರು 60 ಮಂದಿ ಸತ್ತರು. ಅವರಲ್ಲಿ ಹಲವರು ಹೃದಯದ ಲಯ ತಪ್ಪಿ, ಯಾವ ಮುನ್ಸೂಚನೆಯೂ ಇಲ್ಲದೆ ಸತ್ತರು. ಅವರು ಸ್ಥೂಲಕಾಯರಾಗಿದ್ದರು, ಅವರ ಕೊಬ್ಬಿನ ಠೇವಣಿ ಇನ್ನೂ ಮುಗಿದಿರಲಿಲ್ಲ.

ಸ್ಥೂಲಕಾಯರ ಎಚ್ಚರದ ಶಾಖೆ ಊಟ ಮಾಡುತ್ತಿರುವಾಗಲೇ ಬಿಗಿಯಾಗಿರುತ್ತದೆ. ಸ್ನಾಯುಗಳಿಗೆ ಹೋಗುವ ನರಗಳಲ್ಲಿ ಸಿಂಪಥೆಟಿಕ್ ಚಟುವಟಿಕೆ ಅವರಲ್ಲಿ ಹೆಚ್ಚಿರುತ್ತದೆ, ತೂಕ ಇಳಿದಾಗ ಅದು ಇಳಿಯುತ್ತದೆ ಎಂಬುದನ್ನು ಇಟಲಿಯ ವೈದ್ಯರು ತೊಂಬತ್ತರ ದಶಕದಲ್ಲಿ ಅಳೆದು ತೋರಿಸಿದರು. ಈ ಬಿಗಿತಕ್ಕೇ ನಾವು ರಕ್ತದೊತ್ತಡದ ಮಾತ್ರೆ ನುಂಗುವುದು. ಉಪವಾಸದ ಮೊದಲ ದಿನಗಳಲ್ಲಿ ಮೂತ್ರಪಿಂಡಗಳು ಸೋಡಿಯಂ ಮತ್ತು ನೀರನ್ನು ಹೊರಹಾಕುತ್ತವೆ, ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ. ಅದರ ಮೇಲೆ ಮಾತ್ರೆಯೂ ಸೇರಿದರೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆಗಟ್ಟುತ್ತದೆ. ವಿರಾರ್ ಲೋಕಲಿನ ಬಾಗಿಲ ಬಳಿ ಕಂಬಿ ಹಿಡಿದು ನಿಂತವನಿಗೆ ಇದು ವೈದ್ಯಶಾಸ್ತ್ರದ ಸೂಕ್ಷ್ಮ ವಿಷಯವಾಗಿ ಉಳಿಯುವುದಿಲ್ಲ. ನಮ್ಮ ದಿಗಂಬರ ಪದ್ಧತಿಯ ಉಪವಾಸದಲ್ಲಿ ಅನೇಕರು ನೀರನ್ನೂ ಬಿಡುತ್ತಾರೆ, ಆಗ ಇಳಿತ ಇನ್ನೂ ಬೇಗ. ಸಕ್ಕರೆ ಕಾಯಿಲೆಯವರ ಸ್ಥಿತಿ ಇನ್ನೂ ಸೂಕ್ಷ್ಮ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಈಚೆಗೆ ಎಲ್ಲೆಡೆ ಬರೆದುಕೊಡುವ ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳೊಡನೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಮನೆಯ ಗ್ಲೂಕೋಮೀಟರ್ ಅದನ್ನು ಹಿಡಿಯುವುದಿಲ್ಲ.

ತೂಕದ ಯಂತ್ರದ ಮುಳ್ಳನ್ನು ನಂಬಿದರಾಯಿತು ಎನ್ನುವಂತೆಯೂ ಇಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರಿಗೂ 22.3. ಆದರೆ ಯಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ನಾವು ಭಾರತೀಯರು ತೆಳ್ಳಗೆ ಕಾಣುತ್ತಲೇ ಕೊಬ್ಬು ಹೆಚ್ಚಿಸಿಕೊಂಡವರು, ಸ್ನಾಯು ಕಡಿಮೆ ಇರುವವರು. ದಿನವಿಡೀ ಕುರ್ಚಿಯಲ್ಲಿ ಕೂರುವ, ಬೇಳೆಯನ್ನೂ ಅಳೆದು ತಿನ್ನುವ ನಮ್ಮಂಥವರಲ್ಲಿ ಇದು ಇನ್ನೂ ಹೆಚ್ಚಿರಬಹುದು. ಉಪವಾಸದಲ್ಲಿ ಉಪಯೋಗಕ್ಕೆ ಬರುವ ಕೊಬ್ಬೇನೋ ಇದೆ, ಆದರೆ ಕಳೆದುಕೊಳ್ಳಲು ಸ್ನಾಯು ಹೆಚ್ಚಿಗೆ ಇಲ್ಲ. ಇನ್ನು, ಎಂಟು ದಿನಕ್ಕೆ ಎಂಟು ಕಿಲೋ ಇಳಿಯಿತು ಎಂದು ಹಿಗ್ಗುವವರಿಗೆ ಒಂದು ಲೆಕ್ಕ. ದಿನಕ್ಕೆ ಎರಡು ಸಾವಿರ ಕಿಲೋಕ್ಯಾಲರಿ ಪೂರ್ತಿ ಕೊಬ್ಬಿನಿಂದಲೇ ಬಂದರೂ ಕರಗುವುದು ಸುಮಾರು 260 ಗ್ರಾಂ, ಎಂಟು ದಿನಕ್ಕೆ ಎರಡು ಕಿಲೋ ಚಿಲ್ಲರೆ. ಉಳಿದುದು ನೀರು, ಉಪ್ಪು, ಗ್ಲೈಕೋಜನ್, ಸ್ನಾಯು. ಪಾರಣೆಯಾದ ವಾರದೊಳಗೆ ಅದರ ಬಹುಪಾಲು ಮರಳಿ ಬರುತ್ತದೆ.

ಪಾರಣೆಯ ಮಾತು ಬಂದುದರಿಂದ ಹೇಳಲೇಬೇಕು: ದೀರ್ಘ ಉಪವಾಸದ ಅತ್ಯಂತ ಅಪಾಯದ ಗಳಿಗೆ ಅದು ಮುಗಿಯುವ ಗಳಿಗೆಯೇ ಆಗಿರಬಹುದು. ಹಲವು ದಿನಗಳ ನಂತರ ಒಮ್ಮೆಲೇ ಸಿಹಿ ತಿಂದರೆ ಇನ್ಸುಲಿನ್ ನುಗ್ಗುತ್ತದೆ. ಅದು ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಗೆ ಎಳೆದುಕೊಳ್ಳುತ್ತದೆ. ಹೃದಯ ಲಯ ತಪ್ಪಬಹುದು, ಉಸಿರಾಟದ ಸ್ನಾಯು ಸೋಲಬಹುದು, ಥಯಮಿನ್ ಜೀವಸತ್ವದ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ವೈದ್ಯರು ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಬ್ರಿಟನ್ನಿನ ಎನ್‌ಐಸಿಇ ಸಂಸ್ಥೆಯ ಮಾರ್ಗಸೂಚಿಯನ್ನು ನೋಡಿ: ಹತ್ತು ದಿನಕ್ಕಿಂತ ಹೆಚ್ಚು ಕಾಲ ಬಹುತೇಕ ಆಹಾರವಿಲ್ಲದವರು ಯಾರೇ ಆಗಲಿ ಹೆಚ್ಚಿನ ಅಪಾಯದಲ್ಲಿರುವವರು; ಬಿಎಂಐ 16ಕ್ಕಿಂತ ಕೆಳಗಿದ್ದರೆ ಅದೊಂದೇ ಸಾಕು; ಬಿಎಂಐ 18.5ಕ್ಕಿಂತ ಕೆಳಗಿದ್ದರೆ ಐದು ದಿನ ದಾಟಿದರೂ ಅಪಾಯವೇ. ಆ ನಲವತ್ತೆರಡು ಕಿಲೋ ಹುಡುಗಿ ಐದಡಿ ಮೂರಂಗುಲ ಎತ್ತರವಿದ್ದರೆ ಅವಳ ಬಿಎಂಐ ಸುಮಾರು 16.4. ಅಂದರೆ ಐದು ದಿನ ದಾಟಿದ ಆಕೆಯನ್ನು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ ಅಳೆದಳೆದು ಉಣಿಸಬೇಕು. ನಾವು ಸಭಾಂಗಣದಲ್ಲಿ ಕೂರಿಸಿ, ನೂರು ಕೈಗಳಿಂದ ಕಬ್ಬಿನ ಹಾಲು, ಪಾಯಸ, ಶೀರಾ ಕುಡಿಸಿ ತಿನ್ನಿಸುತ್ತೇವೆ. ಮೊದಲು ಹೆಸರುಬೇಳೆಯ ತಿಳಿ ನೀರು, ಆಮೇಲೆ ತೆಳು ಗಂಜಿ ಎಂದು ಅಜ್ಜಿಯರು ಹೇಳುತ್ತಿದ್ದ ಕ್ರಮವೇ ವೈದ್ಯರ ಕ್ರಮಕ್ಕೆ ಹತ್ತಿರವಿತ್ತು.

ಇವು ಕಲ್ಪನೆಯ ಭಯಗಳಲ್ಲ. 2016ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಹದಿಮೂರು ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸ ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಅವಳನ್ನು ಅಲಂಕರಿಸಿ ಮೆರವಣಿಗೆ ಮಾಡಲಾಗಿತ್ತು, ಗಣ್ಯರು ಬಂದು ಹೋಗಿದ್ದರು. ಪೊಲೀಸರು ತಾಯ್ತಂದೆಯರ ಮೇಲೆ ಪ್ರಕರಣ ದಾಖಲಿಸಿದರು. ಆ ಕುಟುಂಬವನ್ನು ದೂಷಿಸಲು ನನ್ನ ಲೇಖನಿ ಏಳದು, ಮಗುವನ್ನು ಕಳೆದುಕೊಂಡವರು ಅವರು. ಆದರೆ ಆ ಮೆರವಣಿಗೆಯಲ್ಲಿ ನಡೆದವರು, ಸಂಖ್ಯೆ ಏರಿದಷ್ಟೂ ಚಪ್ಪಾಳೆ ಏರಿಸಿದವರು ಯಾರು? ಅದಕ್ಕೆ ಒಂದು ವರ್ಷ ಮೊದಲು, 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ಹೇಳಿದಾಗ ದೇಶದುದ್ದಕ್ಕೂ ಜೈನರು ಬೀದಿಗಿಳಿದರು, ಅಂಗಡಿ ಮುಚ್ಚಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಅದು ನ್ಯಾಯವಾದ ಹೋರಾಟ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ವಿಧಿಸಿದ ಷರತ್ತುಗಳನ್ನು, ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬವನ್ನು, ನ್ಯಾಯಾಲಯಕ್ಕೆ ವಿವರಿಸಲು ನಮ್ಮಲ್ಲಿ ಪಂಡಿತರಿದ್ದರು. ಮರುತಿಂಗಳು ಪರ್ಯುಷಣದ ಮಾಂಸ ಮಾರಾಟ ನಿಷೇಧದ ವಿವಾದ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದಾಗಲೂ ನಮ್ಮ ಮುಖಂಡರ ಹೇಳಿಕೆಗಳಿಗೆ ಬರವಿರಲಿಲ್ಲ. ನೆರೆಯವನ ತಟ್ಟೆಯಲ್ಲಿ ಏನಿರಬೇಕೆಂದು ಹೇಳಲು ಅಷ್ಟು ಮಂದಿ. ನಮ್ಮದೇ ಹದಿಮೂರರ ಮಗುವಿನ ತಟ್ಟೆ 68 ದಿನ ಬರಿದಾಗಿದ್ದುದರ ಬಗ್ಗೆ ಮರುವರ್ಷ ಎಷ್ಟು ಸಮಿತಿಗಳು ನಿರ್ಣಯ ಮಾಡಿದವು?

ಪುನಃ ಯಾವುದಾದರೂ ದುರಂತವಾದರೆ ಸರ್ಕಾರ ಕಾನೂನು ತರುತ್ತದೆ, ಆಗ ಧರ್ಮದಲ್ಲಿ ಹಸ್ತಕ್ಷೇಪವೆಂದು ಕೂಗುತ್ತೇವೆ. ಅದಕ್ಕಿಂತ ಆಜಾದ್ ಮೈದಾನವನ್ನು ಒಮ್ಮೆ ನೋಡಿ ಬರಬಹುದು. 2025ರ ಆಗಸ್ಟ್ ಕೊನೆಯಲ್ಲಿ ಮರಾಠಾ ಮೀಸಲಾತಿಗಾಗಿ ಮನೋಜ್ ಜರಾಂಗೆ ಪಾಟೀಲರು ಅಲ್ಲಿ ಉಪವಾಸ ಕೂತರು. ಇಂಥ ರಾಜಕೀಯ ಉಪವಾಸ ನಡೆದಲ್ಲೆಲ್ಲ ವೈದ್ಯರು ಬಂದು ನಾಡಿ, ರಕ್ತದೊತ್ತಡ, ಸಕ್ಕರೆ ಅಳೆಯುವುದನ್ನು ಈ ರಾಜ್ಯ ರೂಢಿಯನ್ನಾಗಿ ಮಾಡಿಕೊಂಡಿದೆ. ಮೀಸಲಾತಿಗಾಗಿ ಹಸಿದವರ ನಾಡಿ ನೋಡುವವರಿದ್ದಾರೆ, ಮೋಕ್ಷಕ್ಕಾಗಿ ಹಸಿದವರ ನಾಡಿ ನೋಡುವವರಿಲ್ಲ.

ಶಾಸ್ತ್ರ ಇದಕ್ಕೆ ಅಡ್ಡಿಯೇ? ಷೋಡಶ ಕಾರಣ ಭಾವನೆಗಳನ್ನು ಪ್ರತಿವರ್ಷ ಪೂಜೆಯಲ್ಲಿ ಹೇಳುವ ನಮಗೆ ಅದರಲ್ಲೊಂದು ಶಕ್ತಿತಸ್ತಪ ಎಂಬುದು ತಿಳಿದೇ ಇದೆ. ಶಕ್ತಿಗೆ ತಕ್ಕ ತಪಸ್ಸು. ಶಕ್ತಿಯನ್ನು ಮುಚ್ಚಿಡದೆ ಎಂಬ ಅರ್ಥವನ್ನು ಪ್ರವಚನಕಾರರು ಎತ್ತಿ ಹೇಳುತ್ತಾರೆ. ಶಕ್ತಿಯನ್ನು ಮೀರದೆ ಎಂಬ ಅರ್ಥವೂ ಆ ಪದದೊಳಗೇ ಇದೆ. ತತ್ತ್ವಾರ್ಥ ಸೂತ್ರವು ಹೇಳುವ ಆರು ಬಾಹ್ಯ ತಪಗಳಲ್ಲಿ ಅನಶನ ಒಂದು ಮಾತ್ರ. ಹೊಟ್ಟೆ ತುಂಬ ಉಣ್ಣದಿರುವ ಅವಮೌದರ್ಯವೂ ತಪಸ್ಸೇ, ರಸಪರಿತ್ಯಾಗವೂ ತಪಸ್ಸೇ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರರು ಉಪ್ಪು ಸಕ್ಕರೆಗಳನ್ನು ಬಿಟ್ಟು ದಶಕಗಳನ್ನು ಕಳೆದರು. ಆ ತಪಸ್ಸಿಗೆ ಫ್ಲೆಕ್ಸಿನಲ್ಲಿ ಬರೆಯಲು ಸಂಖ್ಯೆ ಸಿಗುವುದಿಲ್ಲ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯಗಳೆಂಬ ಅಂತರಂಗ ತಪಗಳಿಗೆ ಮೊದಲೇ ಸಿಗುವುದಿಲ್ಲ.

ಗಾಂಧೀಜಿ 1943ರ ಫೆಬ್ರುವರಿಯಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ 21 ದಿನಗಳ ಉಪವಾಸ ಹಿಡಿದರು. ಅವರಿಗೆ 73 ವರ್ಷ. ಅದನ್ನು ಆಮರಣಾಂತ ಉಪವಾಸವೆಂದು ಕರೆಯಲು ಒಪ್ಪದೆ ತಮ್ಮ ಶಕ್ತಿಗೆ ತಕ್ಕ ಉಪವಾಸವೆಂದು ವೈಸ್‌ರಾಯ್ ಲಿನ್‌ಲಿತ್‌ಗೋಗೆ ಬರೆದರು. ಮುಂಬಯಿಯ ಡಾ. ಗಿಲ್ಡರ್, ಕಲ್ಕತ್ತೆಯ ಡಾ. ಬಿ. ಸಿ. ರಾಯ್, ಡಾ. ಸುಶೀಲಾ ನಯ್ಯರ್ ಹತ್ತಿರವಿದ್ದರು. ಸ್ಥಿತಿ ಬಿಗಡಾಯಿಸಿ ನೀರನ್ನೂ ಕುಡಿಯಲಾಗದೆ ಹೋದಾಗ ನೀರಿಗೆ ಮೋಸಂಬಿ ರಸ ಬೆರೆಸಲು ಒಪ್ಪಿಕೊಂಡರು. ಅದರಿಂದ ಅವರ ಉಪವಾಸದ ಬೆಲೆ ಕುಗ್ಗಿತೆಂದು ಯಾರೂ ಹೇಳಲಿಲ್ಲ. ಇದೇ ಮುಂಬಯಿಯಲ್ಲಿ 1891ರಲ್ಲಿ ಶ್ರೀಮದ್ ರಾಜಚಂದ್ರರನ್ನು ಕಂಡು ಜೈನ ವಿಚಾರಕ್ಕೆ ಕಿವಿಗೊಟ್ಟ ಮನುಷ್ಯನ ಬಾಯಲ್ಲಿ ಶಕ್ತಿತಸ್ತಪದ ಅರ್ಥವೇ ಬಂದುದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಪರವೂರುಗಳಲ್ಲಿ ಬಸದಿಯ ಸುತ್ತ ಕನ್ನಡದ ಒಂದು ಪುಟ್ಟ ಲೋಕವನ್ನು ಕಟ್ಟಿಕೊಂಡಿರುವ ನಮಗೆ ಸಂಘದ ಮನ್ನಣೆ ಬಹಳ ದೊಡ್ಡದು. ಊರಲ್ಲಾದರೆ ಮನೆತನದ ಹೆಸರಿನಿಂದ ಗುರುತು ಸಿಗುತ್ತದೆ, ಡೊಂಬಿವಲಿಯ ಫ್ಲ್ಯಾಟಿನಲ್ಲಿ ಇರುವವರಿಗೆ ಗುರುತು ಬೇರೆ ದಾರಿಯಲ್ಲಿ ಬರಬೇಕು. ಹದಿಹರೆಯದ ಹುಡುಗಿಗೆ, ಈಗ ತಾನೆ ಮದುವೆಯಾಗಿ ಬಂದ ಸೊಸೆಗೆ, ಆ ಹತ್ತು ದಿನಗಳಲ್ಲಿ ಸಿಗುವಷ್ಟು ಮರ್ಯಾದೆ ಉಳಿದ 355 ದಿನಗಳಲ್ಲಿ ಸಿಗುವುದಿಲ್ಲ. ಊಟ ಬಿಡುವುದನ್ನು ಮನೆಯವರೆಲ್ಲ ಹೊಗಳುವ ಕಾಲವೆಂದರೆ ತೂಕದ ಚಿಂತೆಯಿಂದ ಗುಟ್ಟಾಗಿ ಊಟ ಬಿಡುವ ಹುಡುಗಿಗೆ ಒಳ್ಳೆಯ ಮರೆಯೂ ಹೌದು. ಆ ಸಂಗತಿಯನ್ನು ಸಮಾಜದ ಹಿರಿಯರು ಕಿವಿಗೆ ಹಾಕಿಕೊಳ್ಳುವುದಿಲ್ಲ, ತಾಯಂದಿರಾದರೂ ಹಾಕಿಕೊಳ್ಳಬೇಕು. ಹಾಗೆಯೇ ಸೆಪ್ಟೆಂಬರ್ 30ರ ತೆರಿಗೆ ಲೆಕ್ಕಪರಿಶೋಧನೆಯ ಗಡುವಿನ ನಡುವೆ, ರಾತ್ರಿ ಹನ್ನೊಂದರ ತನಕ ಕಚೇರಿಯಲ್ಲಿ ಕೂತು ಪೂರ್ತಿ ಉಪವಾಸ ಮಾಡುವ ನನ್ನ ವೃತ್ತಿಬಾಂಧವರೂ ಕೇಳಲಿ: ಶ್ರಾವಕನಿಗೆ ಪ್ರೋಷಧೋಪವಾಸವನ್ನು ಹೇಳಿದ ಶಾಸ್ತ್ರ ಆ ದಿನ ಆರಂಭ ಕಾರ್ಯಗಳನ್ನೂ ಬಿಡಲು ಹೇಳಿದೆ. ಊಟ ಮಾತ್ರ ಬಿಟ್ಟು ಉಳಿದ ಓಡಾಟವನ್ನೆಲ್ಲ ಇಟ್ಟುಕೊಳ್ಳುವ ಉಪವಾಸ ಮುಂಬಯಿಯ ಆವಿಷ್ಕಾರ.

ಬಸದಿಗಳ ಆಡಳಿತ ಸಮಿತಿಗಳು ದಶಲಕ್ಷಣಕ್ಕೆ ಮುನ್ನ ಹೇಗೂ ಸಭೆ ಸೇರುತ್ತವೆ, ಅಲಂಕಾರದ ಗುತ್ತಿಗೆ, ಅಭಿಷೇಕದ ಸವಾಲು, ಊಟದ ಲೆಕ್ಕಗಳನ್ನು ಮಾತಾಡುತ್ತವೆ. ಈ ವರ್ಷದ ಕಾರ್ಯಸೂಚಿಗೆ ಇವನ್ನೂ ಸೇರಿಸಲಿ. ಹದಿನೆಂಟು ತುಂಬದವರ ಹೆಸರನ್ನು ಉಪವಾಸದ ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ, ಅವರಿಗೆ ಏಕಭುಕ್ತಕ್ಕಿಂತ ಮಿಗಿಲಾದುದಕ್ಕೆ ಸಂಘದ ಅನುಮೋದನೆ ಇಲ್ಲ. ಮೂರು ದಿನ ಮೀರಿ ಉಪವಾಸ ಹಿಡಿಯುವವರು ಮೊದಲೇ ತೂಕ, ಎತ್ತರ, ರಕ್ತದೊತ್ತಡ ನೋಡಿಸಿಕೊಂಡು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಬೇಕು. ನಮ್ಮ ಸಮಾಜದಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ, ಎರಡು ಭಾನುವಾರ ಬಸದಿಯ ಸಭಾಂಗಣದಲ್ಲಿ ಕೂತರೆ ಮುಗಿಯಿತು. ಬಿಎಂಐ 18.5ಕ್ಕಿಂತ ಕೆಳಗಿರುವವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವವರಿಗೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮುನಿಮಹಾರಾಜರೇ ಅವಮೌದರ್ಯವನ್ನೋ ರಸಪರಿತ್ಯಾಗವನ್ನೋ ವ್ರತವಾಗಿ ಕೊಡಲಿ. ಸಮಿತಿಯವರು ಬೇಡವೆಂದರೆ ನೋಯುವವರು ಗುರುಗಳು ಬೇರೆ ವ್ರತ ಕೊಟ್ಟರೆ ಸಂತೋಷದಿಂದ ಒಪ್ಪುತ್ತಾರೆ. ವ್ರತದ ನಡುವೆ ತಲೆ ಸುತ್ತಿದರೆ, ಎದೆ ಬಡಿತ ತಪ್ಪಿದರೆ, ಮಾತು ತೊದಲಿದರೆ ನಿಲ್ಲಿಸಬಹುದೆಂದು ಹಿಡಿಯುವಾಗಲೇ ಎಲ್ಲರೆದುರು ಹೇಳಬೇಕು. ಇದನ್ನು ಹೇಳದೆ ಇರುವುದರಿಂದಲೇ ಅರ್ಧದಲ್ಲಿ ಬಿಟ್ಟವರು ತಲೆ ತಗ್ಗಿಸಿ ತಿರುಗುತ್ತಾರೆ. ಐದು ದಿನ ದಾಟಿದವರ ಪಾರಣೆ ಅವರವರ ಮನೆಯಲ್ಲಿ, ವೈದ್ಯರು ಹೇಳಿದ ಅಳತೆಯಲ್ಲಿ ನಡೆಯಲಿ; ಸಾರ್ವಜನಿಕ ಸತ್ಕಾರ ಬೇಕೇ ಬೇಕೆಂದರೆ ಹದಿನೈದು ದಿನ ಕಳೆದ ಮೇಲೆ ಇಟ್ಟುಕೊಳ್ಳಬಹುದು. ಆ ಸತ್ಕಾರದಲ್ಲಿ ಹೆಸರು ಓದಲಿ, ದಿನಗಳ ಸಂಖ್ಯೆಯನ್ನು ಓದುವುದು ಬೇಡ.

ಇವುಗಳಲ್ಲಿ ಖರ್ಚಿನ ಬಾಬ್ತು ಒಂದೇ, ಒಂದು ತೂಕದ ಯಂತ್ರ ಮತ್ತು ಒಂದು ರಕ್ತದೊತ್ತಡದ ಯಂತ್ರ. ಎರಡೂ ಸೇರಿ ಒಂದು ಫ್ಲೆಕ್ಸಿನಷ್ಟು ದುಡ್ಡಿಗೆ ಬರುತ್ತವೆ.